ಅಜ್ಜಿಯ ಎದೆನೋವನ್ನು ಅವರ ಮಾತಿನಲ್ಲೇ ಕೇಳುವವರು ಬೇಕು

ಪ್ಲಸ್ ಟು ಫಲಿತಾಂಶ ಬಂದ ವಾರ ನಮ್ಮ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. ನೀಟ್‌ನಲ್ಲಿ ಅಂಕ ಬಂದರೆ ಡಾಕ್ಟರ್, ಬರದಿದ್ದರೆ ನರ್ಸಿಂಗ್, ಗಂಡುಮಕ್ಕಳಾದರೆ ಎಂಜಿನಿಯರಿಂಗ್ ಇಲ್ಲವೇ ಪಾಲಿಟೆಕ್ನಿಕ್, ಓದು ಸಾಕು ಅನ್ನಿಸಿದರೆ ಕಂಪನಿ. ಹೊಸೂರಿನ ಸುತ್ತ ಕಂಪನಿಗೇನು ಬರ? ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಹಳೆಯವು. ಈಗ ಟಾಟಾ ಎಲೆಕ್ಟ್ರಾನಿಕ್ಸ್ ಬಂದ ಮೇಲೆ ಹೆಣ್ಣುಮಕ್ಕಳು ಸಾವಿರಗಟ್ಟಲೆ ಅಲ್ಲಿಗೆ ಹೋಗುತ್ತಿದ್ದಾರೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಈ ಪಟ್ಟಿಯಲ್ಲಿ ಯಾವತ್ತೂ ಬಾರದ ಒಂದು ಕೆಲಸವಿದೆ. ಅದನ್ನೇ ಮಾಡುತ್ತಿರುವ ನಾವು ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ.

"ಆಸ್ಪತ್ರೆಯಲ್ಲಿ ಏನು ಕೆಲಸ?" ಎಂದು ಪೂಜೆ ಮುಗಿದ ಮೇಲೆ ಯಾರಾದರೂ ಕೇಳಿದರೆ ಉತ್ತರ ಹೇಳುವುದೇ ಕಷ್ಟ. ನಾವು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಇಂಗ್ಲೆಂಡಿನಲ್ಲಿ ಇಂಥವರನ್ನು ಕಾರ್ಡಿಯಾಕ್ ಫಿಸಿಯಾಲಜಿಸ್ಟ್ ಅನ್ನುತ್ತಾರೆ. ನಮ್ಮಲ್ಲಿ ಸರ್ಟಿಫಿಕೇಟಿನಲ್ಲಿ ಕಾರ್ಡಿಯಾಕ್ ಟೆಕ್ನಾಲಜಿಸ್ಟ್, ವಾರ್ಡಿನಲ್ಲಿ "ಇಸಿಜಿ ತೆಗೆಯೋರು". ಹೃದಯಕ್ಕೆ ಸಂಬಂಧಪಟ್ಟ ಪರೀಕ್ಷೆಗಳನ್ನು ಮಾಡಿ, ಡಾಕ್ಟರ ಕೈಗೆ ನಂಬಬಹುದಾದ ದಾಖಲೆ ಕೊಡುವುದು ನಮ್ಮ ಕೆಲಸ. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ, 24 ಗಂಟೆ ಎದೆಗೆ ಕಟ್ಟಿ ಕಳಿಸುವ ಹೋಲ್ಟರ್, ಎಕೋ ಕೋಣೆಯ ಕೆಲಸ, ಪೇಸ್‌ಮೇಕರ್ ತಪಾಸಣೆ, ಆಂಜಿಯೋಗ್ರಾಂ ಮಾಡುವ ಕ್ಯಾತ್ ಲ್ಯಾಬ್ ಎಲ್ಲ ಅದರೊಳಗೆ ಬರುತ್ತವೆ.

"ವೈರು ಅಂಟಿಸೋಕೆ ನಾಲ್ಕು ವರ್ಷ ಓದಬೇಕಾ?" ಎಂದು ನಗುವವರಿದ್ದಾರೆ. ವೈರು ಹತ್ತು, ನಾಲ್ಕು ಕೈಕಾಲಿಗೆ, ಆರು ಎದೆಗೆ. ಎಡಗೈ ಬಲಗೈ ವೈರು ಅದಲುಬದಲಾದರೆ ಮೊದಲ ಗೆರೆ ತಲೆಕೆಳಗಾಗಿ, ಆ ಮನುಷ್ಯನ ಹೃದಯ ಬಲಗಡೆಗೆ ಇರುವಂತೆ ಕಾಗದದ ಮೇಲೆ ಕಾಣುತ್ತದೆ. ಎದೆಯ ಮೊದಲೆರಡು ಇರಬೇಕಾದ ಜಾಗ ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿ. ಅಂದಾಜಿನಲ್ಲಿ ಎರಡು ಬೆರಳು ಮೇಲಿಟ್ಟರೆ, ಆಗದೇ ಇರುವ ಅಟ್ಯಾಕ್ ಹಿಂದೆಂದೋ ಆಗಿತ್ತು ಎಂಬಂತೆ ಗೆರೆ ಬರಬಹುದು. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡು. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಮೊದಲ ಇಸಿಜಿ ಆಗಬೇಕು ಎಂಬುದು ಎಲ್ಲ ಕಡೆ ಒಪ್ಪಿರುವ ನಿಯಮ. ಅಷ್ಟು ಹೊತ್ತಿನಲ್ಲಿ, ನಡುಗುವ ಮನುಷ್ಯನ ಮೇಲೆ, ಸಂದಿ ಎಣಿಸಿ ಸರಿಯಾಗಿ ಇಡಬೇಕು. ಮುಂದಿನ ಎಲ್ಲ ತೀರ್ಮಾನಕ್ಕೂ ಆ ಒಂದು ಕಾಗದವೇ ಆಧಾರ.

ಈ ಗೆರೆಯ ಹಿಂದೆ ದೊಡ್ಡ ಕಥೆಯಿದೆ. ಹಾಲೆಂಡಿನ ಲೈಡನ್ ಊರಿನಲ್ಲಿ ವಿಲ್ಲೆಮ್ ಐಂತೋವನ್ ಎಂಬುವರು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕಟ್ಟಿದ ಯಂತ್ರ ಸುಮಾರು 270 ಕಿಲೋ ತೂಗುತ್ತಿತ್ತು, ನಡೆಸಲು ಐದು ಜನ ಬೇಕಿತ್ತು. ರೋಗಿ ಉಪ್ಪುನೀರು ತುಂಬಿದ ಪಾತ್ರೆಗಳಲ್ಲಿ ಕೈಕಾಲು ಅದ್ದಿ ಕೂರಬೇಕಿತ್ತು. ಗೆರೆಯ ಏರಿಳಿತಕ್ಕೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟವರು ಅವರೇ, 1924ರಲ್ಲಿ ನೊಬೆಲ್ ಬಹುಮಾನವೂ ಅವರಿಗೆ ಬಂತು. ಅಂದು ಐದು ಜನ ಮಾಡಿದ್ದನ್ನು ಇಂದು ಒಬ್ಬರೇ ಮಾಡುತ್ತೇವೆ, ಯಂತ್ರ ಬ್ಯಾಗಿನಲ್ಲಿ ಹಿಡಿಸುತ್ತದೆ.

ಆದರೆ ಮೆಷಿನ್ನಿಗಿಂತ ಮೊದಲು ಮಾತು ಬೇಕು. ನಾವು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ನಮ್ಮ ಮಕ್ಕಳ ಸ್ಥಿತಿ ನಿಮಗೆ ಗೊತ್ತಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಗೆ ಹೋದರೆ ತೆಲುಗು. ಮೂರರಲ್ಲಿ ಯಾವುದೂ ಪೂರ್ತಿ ಬರಲ್ಲ ಎಂದು ಅಪ್ಪ ಅಮ್ಮ ಬೇಸರ ಪಡುತ್ತಾರೆ. ಟೆಸ್ಟ್ ಕೋಣೆಯಲ್ಲಿ ಇದೇ ದೊಡ್ಡ ಆಸ್ತಿ. ತಳಿ ಕಡೆಯ ಅಜ್ಜಿ ಬಂದು "ಎದೆ ಹಿಡ್ಕೊಂಡಂಗೆ ಆಗ್ತದೆ, ಜೀವ ಒಂಥರಾ ಸಂಕಟ" ಅನ್ನುತ್ತಾರೆ. ಕೃಷ್ಣಗಿರಿಯ ಅಣ್ಣ "ನೆಂಜು ಎರಿಚ್ಚಲ್" ಅಂದರೆ ಉರಿ, "ನೆಂಜು ವಲಿ" ಅಂದರೆ ನೋವು. ಎರಡೂ ಒಂದೇ ಎಂದು ಬರೆದುಕೊಂಡರೆ ಒಬ್ಬರಿಗೆ ಗ್ಯಾಸಿನ ಮಾತ್ರೆ ಸಿಕ್ಕಿ ಮನೆಗೆ ಹೋಗುತ್ತಾರೆ. ತೆಲುಗಿನ ಅಕ್ಕ "ಗುಂಡೆ ದಡ" ಅಂದರೆ ಅದು ನೋವೇ ಅಲ್ಲ, ಎದೆ ಢವಢವ ಹೊಡೆದುಕೊಳ್ಳುವುದು. ಹೋಲ್ಟರ್ ಕಟ್ಟಬೇಕಾದ ದೂರು ಅದು.

ಟ್ರೆಡ್‌ಮಿಲ್‌ನಲ್ಲಂತೂ ಭಾಷೆ ಜೀವದ ಪ್ರಶ್ನೆ. ಸಾಮಾನ್ಯವಾಗಿ ಅನುಸರಿಸುವ ಬ್ರೂಸ್ ವಿಧಾನದಲ್ಲಿ ಗಂಟೆಗೆ 2.7 ಕಿಲೋಮೀಟರ್ ವೇಗದಿಂದ ಶುರು, ಪ್ರತಿ 3 ನಿಮಿಷಕ್ಕೆ ವೇಗವೂ ಏರುತ್ತದೆ, ಏರೂ ಕಡಿದಾಗುತ್ತದೆ. ನಡೆಯುವವರು "ಸಾಕು, ಎದೆ ಬಿಗೀತು" ಎಂದು ತಕ್ಷಣ ಹೇಳಬೇಕು, ನಮಗೆ ತಕ್ಷಣ ಅರ್ಥವಾಗಬೇಕು. ಇಂಗ್ಲಿಷ್ ಬಾರದ ಒಬ್ಬ ರೈತರು ಸಂಕೋಚಕ್ಕೆ ಬಿದ್ದು ತುಟಿ ಕಚ್ಚಿಕೊಂಡು ನಡೆದೇ ನಡೆದರೆ ಏನಾಗಬಹುದು ಎಂದು ಯೋಚಿಸಿ. ಎಕೋದಲ್ಲೂ ಅಷ್ಟೇ. "ಎಡಮಗ್ಗುಲಾಗಿ ಮಲಗಿ ತಾಯಿ, ಉಸಿರು ಎಳಕೊಳ್ಳಿ, ಬಿಡಿ, ಹಾಗೇ ಹಿಡೀರಿ" ಎಂಬ ಮಾತು ಕಿವಿಗೆ ಬಿದ್ದು ತಿಳಿಯದಿದ್ದರೆ ಚಿತ್ರ ಸರಿಯಾಗಿ ಸಿಗುವುದಿಲ್ಲ.

ಬೆಂಗಳೂರಿಗೆ ಹೋಗುವ ನಮ್ಮವರ ಸಂಖ್ಯೆ ಕಡಿಮೆಯಲ್ಲ. ಅತ್ತಿಬೆಲೆ ದಾಟಿದರೆ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ, ಕೋರಮಂಗಲದಲ್ಲಿ ಸಂತ ಜಾನರ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಜಯದೇವದ ಮುಂದೆ ಇಸಿಜಿಗಾಗಿ ಯುವಕರ ಸಾಲು ನಿಂತದ್ದು ನೆನಪಿರಬಹುದು. ಅದೇ ವರ್ಷ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆ ಬಾಗಿಲಿಗೇ ತಂದುಕೊಡುವ ಯೋಜನೆಯನ್ನು ಶುರು ಮಾಡಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. 2023ರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಹಾರ್ಟ್ ಅಟ್ಯಾಕಿಗೆ ಮೊದಲ ಡೋಸ್ ಮಾತ್ರೆ ಕೊಡುವ 'ಇದಯಂ ಕಾಪ್ಪೋಂ' ಯೋಜನೆ ಬಂತು. ಕೃಷ್ಣಗಿರಿಗೆ ಸರ್ಕಾರಿ ಮೆಡಿಕಲ್ ಕಾಲೇಜೂ ಬಂದಿದೆ. ಅಂದರೆ ಕಾಯಿಲೆ ಹಳ್ಳಿಗೆ ಬಂದಾಗಿದೆ, ಔಷಧಿಯೂ ಹಿಂದೆಯೇ ಬಂದಿದೆ. ಗೆರೆ ತೆಗೆಯಲು ಕಲಿತ ಕೈಗಳು ಮಾತ್ರ ಸಾಲದು.

ಇನ್ನೊಂದು ವಿಷಯ, ಸ್ವಲ್ಪ ಸಂಕೋಚದ್ದು. 1816ರಲ್ಲಿ ಪ್ಯಾರಿಸಿನ ಡಾಕ್ಟರ್ ಲೆನೆಕ್ ಅವರ ಮುಂದೆ ಹೃದಯದ ತೊಂದರೆಯಿದ್ದ ಒಬ್ಬ ಯುವತಿ ಬಂದಳು. ಆಗಿನ ಪದ್ಧತಿಯಂತೆ ಎದೆಗೆ ಕಿವಿಯಿಟ್ಟು ಕೇಳಲು ಅವರಿಗೆ ಮನಸ್ಸಾಗಲಿಲ್ಲ. ಕಾಗದವನ್ನು ಸುರುಳಿ ಸುತ್ತಿ, ಒಂದು ತುದಿ ಅವಳ ಎದೆಗೆ, ಇನ್ನೊಂದು ತಮ್ಮ ಕಿವಿಗೆ ಇಟ್ಟರು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ಲೆನೆಕ್ ಭಕ್ತಿವಂತ ಕಥೋಲಿಕರು ಎಂಬುದನ್ನು ಪಕ್ಕಕ್ಕಿಟ್ಟರೂ, ಒಬ್ಬ ಹೆಣ್ಣುಮಗಳ ಮಾನಕ್ಕೆ ಕೊಟ್ಟ ಬೆಲೆಯಿಂದ ವೈದ್ಯವಿದ್ಯೆಗೇ ಒಂದು ಉಪಕರಣ ಸಿಕ್ಕಿತು ಎಂಬುದು ನಮಗೆ ತುಂಬ ಹಿಡಿಸಿದ ಸಂಗತಿ.

ಇಸಿಜಿಗೆ ಅಂಥ ಸುರುಳಿ ಇಲ್ಲ. ವೈರು ಬ್ಲೌಸಿನ ಮೇಲಿಂದ ಹಿಡಿಯುವುದಿಲ್ಲ. "ಗಂಡಸು ತೆಗೀತಾರಂತೆ" ಎಂದು ಗೊತ್ತಾಗಿ ನಾಳೆ ಬರುತ್ತೇನೆಂದು ಎದ್ದು ಹೋದ ತಾಯಂದಿರನ್ನು ನಾವು ಕಂಡಿದ್ದೇವೆ. ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಬೆನ್ನುನೋವು, ದವಡೆ ನೋವು, ವಾಕರಿಕೆ, ವಿಪರೀತ ಸುಸ್ತು ಎಂಬ ವೇಷದಲ್ಲಿ ಬರುತ್ತದೆ. ಮೊದಲೇ ತಡ, ಮೇಲೆ ನಾಚಿಕೆ. ನಮ್ಮ ಹುಡುಗರು ಪರದೆ ಎಳೆದು, ಹೊದಿಕೆ ಹೊದಿಸಿ, ಆಯಾ ಒಬ್ಬರನ್ನು ಕರೆದು, ಹೇಳಿ ಕೇಳಿಯೇ ಮುಟ್ಟುತ್ತಾರೆ. ಹಾಗೆ ಮಾಡಲೇಬೇಕು. ಆದರೂ ಅಕ್ಕಪಕ್ಕದ ಊರಿನ ಹೆಣ್ಣುಮಗಳೇ ಬಂದು "ಅವ್ವ, ಎರಡು ನಿಮಿಷ ಅಷ್ಟೇ" ಅಂದಾಗ ಆ ಮುಖದಲ್ಲಿ ಆಗುವ ಬದಲಾವಣೆ ಬೇರೆಯೇ. ಅದಕ್ಕೇ ನಮ್ಮ ಧರ್ಮಕೇಂದ್ರದ ಹೆಣ್ಣುಮಕ್ಕಳು ಈ ಓದಿಗೆ ಬರಬೇಕು ಎಂದು ಒತ್ತಿ ಹೇಳುತ್ತೇವೆ.

ಮನೆಯವರ ಭಯ ನಮಗೆ ಗೊತ್ತು. ಒಂದು, ರಾತ್ರಿ ಡ್ಯೂಟಿ. ಇದೆ, ಇಲ್ಲವೆನ್ನುವುದಿಲ್ಲ. ನರ್ಸಿಂಗಿನಲ್ಲೂ ಇದೆ, ಕಂಪನಿ ಶಿಫ್ಟಿನಲ್ಲೂ ಇದೆ. ಎರಡು, "ಕಿರಣ ಬೀಳುತ್ತಂತೆ, ನಾಳೆ ಮಕ್ಕಳಾಗದಿದ್ದರೆ?" ಇಸಿಜಿ, ಎಕೋ, ಟ್ರೆಡ್‌ಮಿಲ್ ಯಾವುದರಲ್ಲೂ ಎಕ್ಸ್‌ರೇ ಇಲ್ಲ. ಎಕೋ ಕೆಲಸ ಮಾಡುವುದು ಶಬ್ದದ ಅಲೆಯಿಂದ. ಕಿರಣ ಇರುವುದು ಕ್ಯಾತ್ ಲ್ಯಾಬಿನಲ್ಲಿ. ಅಲ್ಲಿ ಸೀಸದ ಏಪ್ರನ್ ತೊಡುತ್ತೇವೆ, ಮೈಮೇಲೆ ಎಷ್ಟು ಬಿತ್ತೆಂದು ಲೆಕ್ಕವಿಡುವ ಬ್ಯಾಡ್ಜ್ ಇರುತ್ತದೆ. ಗರ್ಭಿಣಿ ಎಂದು ತಿಳಿಸಿದರೆ ಕಿರಣವಿಲ್ಲದ ಕೆಲಸಕ್ಕೆ ಬದಲಾಯಿಸಿಕೊಳ್ಳಬಹುದು. ಏಪ್ರನ್ ಭಾರಕ್ಕೆ ಬೆನ್ನು ನೋಯುವುದು ನಿಜ, ಅದರ ಬಗ್ಗೆ ದೂರಬೇಕೆಂದರೆ ನಮ್ಮ ಜೊತೆ ದೂರಬಹುದು!

ಮೂರನೆಯದು ದುಡ್ಡು, ಇದೇ ಗಟ್ಟಿ ತಕರಾರು. ಹದಿನೆಂಟಕ್ಕೆ ಕಂಪನಿ ಸೇರಿದ ಗೆಳತಿ ಸಂಬಳ ತರುತ್ತಿರುವಾಗ ನೀವು ಇನ್ನೂ ಫೀಸು ಕಟ್ಟುತ್ತಿರುತ್ತೀರಿ. ಕೆಲಸ ಸಿಕ್ಕ ಮೊದಲ ವರ್ಷಗಳ ಸಂಬಳವೂ ಹೇಳಿಕೊಳ್ಳುವಷ್ಟಿಲ್ಲ. ಸಾಲ ಮಾಡಿ ದುಬಾರಿ ಕಾಲೇಜಿಗೆ ಸೇರಬೇಡಿ ಎಂದೇ ನಮ್ಮ ಸಲಹೆ. ಆದರೆ ಕೈಗೆ ಕೆಲಸ ಹತ್ತಿದ ಮೇಲೆ ಇದು ವಯಸ್ಸಾಯಿತೆಂದು ಹೊರಗೆ ಕಳಿಸುವ ಕೆಲಸವಲ್ಲ. ಹತ್ತು ವರ್ಷ ಕ್ಯಾತ್ ಲ್ಯಾಬಿನಲ್ಲಿ ಪರದೆಯ ಮೇಲಿನ ಗೆರೆ ಕಾದವರು ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಕೂಗಿ ಹೇಳುತ್ತಾರೆ. ಅಂಥವರಿಗಾಗಿ ಡಾಕ್ಟರುಗಳೇ ಕಾಯುತ್ತಾರೆ.

ಈ ಕೆಲಸದಲ್ಲಿ ಕಷ್ಟವಾದದ್ದು ಯಾವುದೆಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಹೇಳುವುದು ಒಂದೇ: ಬಾಯಿ ಕಟ್ಟಿಕೊಳ್ಳುವುದು. ಕಾಗದ ಹೊರಬರುವಾಗಲೇ ನಮಗೆ ಗೊತ್ತಾಗಿರುತ್ತದೆ. ಮಂಚದ ಮೇಲಿರುವವರು "ಏನಪ್ಪಾ, ಚೆನ್ನಾಗೈತಾ?" ಎಂದು ಮುಖ ನೋಡುತ್ತಾರೆ. ಹೇಳುವ ಅಧಿಕಾರ ನಮಗಿಲ್ಲ, ಡಾಕ್ಟರೇ ಹೇಳಬೇಕು. ಸುಳ್ಳೂ ಹೇಳುವಂತಿಲ್ಲ. "ಡಾಕ್ಟರ್ ಈಗಲೇ ಬರ್ತಾರಮ್ಮ, ನಾನು ಇಲ್ಲೇ ಇರ್ತೀನಿ" ಎಂದು ಹೇಳಿ, ಹೇಳಿದಂತೆ ಅಲ್ಲೇ ನಿಲ್ಲುವುದನ್ನು ಯಾವ ಕಾಲೇಜೂ ಕಲಿಸಲಿಲ್ಲ.

ಕಾಲೇಜಿನ ಮಾತು ಬಂದಿದ್ದರಿಂದ ಒಂದು ಎಚ್ಚರಿಕೆ. ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ "6 ತಿಂಗಳಲ್ಲಿ ಇಸಿಜಿ ಟೆಕ್ನಿಷಿಯನ್, 100% ಉದ್ಯೋಗ" ಎಂಬ ಪೋಸ್ಟರ್ ಕಂಡರೆ ನಂಬಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆಂದೇ ಕಾಯ್ದೆ ತಂದಿದೆ. ಹೃದಯ ವಿಭಾಗದ ಟೆಕ್ನಾಲಜಿಸ್ಟ್‌ಗಳೂ ಅದರೊಳಗಿದ್ದಾರೆ. ಮುಂದೆ ನೋಂದಣಿ ಕೇಳುವಾಗ ಆ ಪೋಸ್ಟರಿನ ಸರ್ಟಿಫಿಕೇಟು ಕೈಕೊಡುತ್ತದೆ. ತಮಿಳುನಾಡಿನಲ್ಲಿ ಡಾ. ಎಂಜಿಆರ್ ವೈದ್ಯಕೀಯ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕಾರ್ಡಿಯಾಕ್ ಟೆಕ್ನಾಲಜಿ ಇದೆ, ಕರ್ನಾಟಕದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಇದೆ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಪ್ಲಸ್ ಟುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು.

ಸೇರುವ ಮುಂಚೆ ಆಫೀಸಿನವರ ಮಾತು ಕೇಳಿ ಬಂದುಬಿಡಬೇಡಿ. ಕೊನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕ್ಯಾಂಟೀನಿನಲ್ಲಿ ಹಿಡಿದು, ಇಂಟರ್ನ್‌ಶಿಪ್ಪಿಗೆ ಕಳಿಸುವ ಆಸ್ಪತ್ರೆಯಲ್ಲಿ ಕ್ಯಾತ್ ಲ್ಯಾಬ್ ನಡೆಯುತ್ತಿದೆಯೇ, ಎಕೋ ಮೆಷಿನ್ ಮುಟ್ಟಲು ಬಿಡುತ್ತಾರೆಯೇ, ಇಲ್ಲ ವರ್ಷಪೂರ್ತಿ ಫೈಲ್ ಹೊರಿಸುತ್ತಾರೆಯೇ ಎಂದು ಕೇಳಿ. ನಮ್ಮನ್ನೂ ಕೇಳಬಹುದು. ಭಾನುವಾರ ಡ್ಯೂಟಿ ಇಲ್ಲದವರು ಒಬ್ಬರಾದರೂ ಪೂಜೆ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಸಿಗುತ್ತೇವೆ.