ಯಾರ ಲೆಕ್ಕಕ್ಕೂ ಸೇರದ ಹೊಗೆ

ಮುನ್ನೂರಕ್ಕೂ ಹೆಚ್ಚು ಜನ ಕೂರಬಹುದಾದ ವಿಮಾನವೊಂದು ಒಬ್ಬ ಪ್ರಯಾಣಿಕನೂ ಇಲ್ಲದೆ, ಒಂದು ಮೂಟೆ ಸರಕೂ ಇಲ್ಲದೆ ದೆಹಲಿಯಿಂದ ಮೇಲೇರಿ ಸಾವಿರಾರು ಕಿಲೋಮೀಟರ್ ದೂರದ ಪರದೇಶದಲ್ಲಿ ಇಳಿಯುತ್ತದೆ. ಅಲ್ಲಿ ವಾರಗಟ್ಟಲೆ ನಿಂತು, ದುರಸ್ತಿ ಮುಗಿಸಿಕೊಂಡು, ಮತ್ತೆ ಖಾಲಿಯಾಗಿಯೇ ಹಿಂದಿರುಗುತ್ತದೆ. ಭಾರತದ ದೊಡ್ಡ ವಿಮಾನಗಳ ಪಾಲಿಗೆ ಇದು ಹಲವು ವರ್ಷಗಳಿಂದ ನಡೆದುಬಂದಿರುವ ಪದ್ಧತಿ. ಸಿಂಗಪುರ, ಶ್ರೀಲಂಕಾ, ಅರಬ್ ಸಂಯುಕ್ತ ಸಂಸ್ಥಾನ, ತುರ್ಕಿ ಮೊದಲಾದ ದೇಶಗಳ ಹ್ಯಾಂಗರುಗಳಿಗೆ ಈ ಕೆಲಸ ಹೋಗುತ್ತಿದೆ. ಪತ್ರಿಕೆಗಳ ವಾಣಿಜ್ಯ ಪುಟಗಳು ಇದನ್ನು ವಿದೇಶಿ ವಿನಿಮಯದ ನಷ್ಟವೆಂದು ಆಗಾಗ ಬರೆಯುತ್ತವೆ. ಹೊಗೆಯ ಮಾತು ಮಾತ್ರ ಅಲ್ಲಿ ಅಪರೂಪ.

ದುರಸ್ತಿಯೇ ಬೇಡವೆಂದು ಯಾರೂ ಹೇಳುವಂತಿಲ್ಲ. ಸುಮಾರು ಒಂದೂವರೆ ಎರಡು ವರ್ಷಗಳಿಗೊಮ್ಮೆ ಪ್ರತಿ ವಿಮಾನವೂ ‘ಸಿ’ ತಪಾಸಣೆ ಎಂಬ ವಿವರವಾದ ಪರೀಕ್ಷೆಗೆ ಒಳಗಾಗಬೇಕು. ಆರರಿಂದ ಹತ್ತು ವರ್ಷಗಳಿಗೊಮ್ಮೆ ಬರುವ ಅತಿ ಭಾರಿ ತಪಾಸಣೆಯಲ್ಲಂತೂ ಆಸನ, ನೆಲಹಾಸು, ಒಳಗೋಡೆಗಳನ್ನೆಲ್ಲ ಕಿತ್ತು, ಬಹುವೇಳೆ ಹೊರಮೈಯ ಬಣ್ಣವನ್ನೂ ತೆಗೆದು, ಲೋಹದಲ್ಲಿನ ಬಿರುಕು, ತುಕ್ಕುಗಳನ್ನು ಹುಡುಕಲಾಗುತ್ತದೆ. ಜನರ ಪ್ರಾಣ ಇದನ್ನು ಅವಲಂಬಿಸಿದೆ. ಪ್ರಶ್ನೆ ಇರುವುದು ಈ ಕೆಲಸ ಎಲ್ಲಿ ನಡೆಯಬೇಕು, ಅದರ ಹೊರೆಯನ್ನು ಯಾರು ಹೊರಬೇಕು ಎಂಬುದರಲ್ಲಿ.

ಏರ್ ಇಂಡಿಯಾ ತನ್ನ ದೊಡ್ಡ ವಿಮಾನಗಳಲ್ಲಿ ಕೆಲವನ್ನು ಟರ್ಕಿಶ್ ಟೆಕ್ನಿಕ್ ಸಂಸ್ಥೆಗೆ ಕಳುಹಿಸುತ್ತಿದ್ದ ಸಂಗತಿ ಜನಸಾಮಾನ್ಯರ ಗಮನಕ್ಕೆ ಬಂದದ್ದು 2025ರ ಮೇ ತಿಂಗಳ ನಂತರ, ಅದೂ ತುರ್ಕಿಯೊಡನೆ ರಾಜಕೀಯ ಮನಸ್ತಾಪ ಹುಟ್ಟಿದ್ದರಿಂದ. ಆಗ ಸಂಸ್ಥೆ ನೀಡಿದ ಉತ್ತರ, ವಿಮಾನಗಳನ್ನು ಬೇರೆ ಕಡೆಗೆ ಕಳುಹಿಸುವ ವ್ಯವಸ್ಥೆ ಮಾಡಿಕೊಳ್ಳಲು ಕಾಲಾವಕಾಶ ಬೇಕು ಎಂಬುದಾಗಿತ್ತು. ಬೇರೆ ಕಡೆ ಎಂದರೆ ಬೇರೆ ಪರದೇಶ. ಅದೇ ವರ್ಷದ ಜುಲೈಯಲ್ಲಿ ಅದರ ಬೋಯಿಂಗ್ 787 ವಿಮಾನವೊಂದು ಒಳಾಂಗಣದ ನವೀಕರಣಕ್ಕಾಗಿ ಅಮೆರಿಕದ ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್‌ಗೆ ಹೋಯಿತು. ಆಸನ ಬದಲಿಸಲು ಅರ್ಧ ಭೂಮಂಡಲದ ಯಾತ್ರೆ!

ಇಂತಹ ಒಂದು ಯಾತ್ರೆಯ ಹೊಗೆ ಎಷ್ಟು? ದೆಹಲಿಯಿಂದ ಇಸ್ತಾಂಬುಲ್‌ಗೆ ನೇರ ದಾರಿ ಸುಮಾರು 4,500 ಕಿಲೋಮೀಟರ್. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಮಾರ್ಗವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಬಳಿಕ ಈ ದಾರಿ ಅರಬ್ಬಿ ಸಮುದ್ರದ ಮೇಲೆ ಬಳಸಿ ಇನ್ನಷ್ಟು ಉದ್ದವಾಯಿತು. ಆ ಬಳಸುದಾರಿಯನ್ನು ಬಿಟ್ಟು ನೇರ ದಾರಿಯನ್ನೇ ಹಿಡಿದರೂ ಬೋಯಿಂಗ್ 777ರಂತಹ ದೊಡ್ಡ ವಿಮಾನ ಖಾಲಿ ಹೋಗುವಾಗ ಅಂದಾಜು 40 ಟನ್ ಇಂಧನ ಸುಡುತ್ತದೆ. ಹೋಗಿಬರಲು 80 ಟನ್. ಒಂದು ಕಿಲೋ ವಿಮಾನ ಇಂಧನ ಉರಿದಾಗ 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ಒಟ್ಟು ಸುಮಾರು 250 ಟನ್. ಮಲೆನಾಡಿನವರಿಗೆ ಪರಿಚಿತವಾದ ಅಳತೆಯಲ್ಲಿ ಹೇಳುವುದಾದರೆ, ಶಿರಸಿಯಿಂದ ಬೆಂಗಳೂರಿಗೆ ದಿನಕ್ಕೊಮ್ಮೆ ಹೋಗಿಬರುವ ಸಾರಿಗೆ ಬಸ್ಸೊಂದು ಇಷ್ಟು ಹೊಗೆ ಉಗುಳಬೇಕಾದರೆ ಒಂದೂವರೆ ವರ್ಷ ಓಡಬೇಕು. ಆ ಬಸ್ಸು ಅಷ್ಟರಲ್ಲಿ ಹತ್ತಾರು ಸಾವಿರ ಜನರನ್ನು ಊರು ಮುಟ್ಟಿಸಿರುತ್ತದೆ. ವಿಮಾನ ಮುಟ್ಟಿಸಿದ್ದು ತನ್ನನ್ನು ಮಾತ್ರ.

ವರ್ಷವಿಡೀ ಹಾರುವ ವಿಮಾನದ ಒಟ್ಟು ಹೊಗೆಯ ಮುಂದೆ ಇದು ಅಲ್ಪವೆಂದು ವಿಮಾನಯಾನದವರು ವಾದಿಸಬಹುದು. ಲೆಕ್ಕ ಸರಿಯೇ. ಕೆಲವೊಮ್ಮೆ ಪ್ರಯಾಣಿಕರನ್ನು ಹೊತ್ತೇ ದುರಸ್ತಿಯ ಊರಿಗೆ ಹೋಗುವ ಏರ್ಪಾಡು ಇರುವುದೂ ನಿಜ. ಆದರೆ ಜನರನ್ನು ಸಾಗಿಸುವ ಹೊಗೆಗೆ ಒಂದು ಪ್ರಯೋಜನವಾದರೂ ಉಂಟು. ಖಾಲಿ ಹಾರಾಟದ ಹೊಗೆಗೆ ಅದೂ ಇಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿ ಬೇರೆಯಿದೆ. ಈ ಹೊಗೆ ಯಾವ ದೇಶದ ಖಾತೆಗೂ ಬೀಳುವುದಿಲ್ಲ. 1997ರ ಕ್ಯೋಟೋ ಒಪ್ಪಂದವು ಅಂತರರಾಷ್ಟ್ರೀಯ ವಿಮಾನಗಳ ಹೊಗೆಯನ್ನು ದೇಶಗಳ ಗುರಿಯಿಂದ ಹೊರಗಿಟ್ಟು, ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಕೈಗೆ ಒಪ್ಪಿಸಿತು. ದೇಶಗಳು ಈ ಹೊಗೆಯನ್ನು ಪ್ರತ್ಯೇಕವಾಗಿ ಬರೆದಿಡುತ್ತವೆ, ಆದರೆ ಒಟ್ಟು ಮೊತ್ತಕ್ಕೆ ಕೂಡಿಸುವುದಿಲ್ಲ. ಹೀಗಾಗಿ ದೆಹಲಿಯಿಂದ ನಾಗಪುರಕ್ಕೆ ಹೋಗುವ ವಿಮಾನದ ಹೊಗೆ ಭಾರತದ್ದು. ಇಸ್ತಾಂಬುಲ್‌ಗೆ ಹೋಗುವ ವಿಮಾನದ ಹೊಗೆ ಭಾರತದ್ದೂ ಅಲ್ಲ, ತುರ್ಕಿಯದೂ ಅಲ್ಲ. ಆ ಸಂಸ್ಥೆ ರೂಪಿಸಿದ ‘ಕೋರ್ಸಿಯಾ’ ಎಂಬ ಪರಿಹಾರ ಯೋಜನೆ ಭಾರತಕ್ಕೆ ಅನ್ವಯವಾಗುವುದು 2027ರಿಂದ. ಅದು ಕೂಡ ಹೊಗೆಯನ್ನು ತಗ್ಗಿಸುವುದಕ್ಕಿಂತ ಹೆಚ್ಚಾಗಿ, ಬೇರೆಲ್ಲೋ ನಡೆಯುವ ಯೋಜನೆಗಳ ಪುಣ್ಯವನ್ನು ಹಣಕೊಟ್ಟು ಕೊಳ್ಳುವ ವ್ಯವಸ್ಥೆ. ತೆರಿಗೆಯ ವಿಷಯವೂ ಹಾಗೆಯೇ. ವಿಮಾನದ ಟ್ಯಾಂಕಿನಲ್ಲಿ ಗಡಿ ದಾಟಿ ಬರುವ ಇಂಧನಕ್ಕೆ ಸುಂಕವಿಲ್ಲವೆಂದು 1944ರ ಶಿಕಾಗೋ ಒಪ್ಪಂದ ಹೇಳಿತು. ಮುಂದೆ ದೇಶ ದೇಶಗಳ ನಡುವಿನ ಒಪ್ಪಂದಗಳು ಈ ವಿನಾಯಿತಿಯನ್ನು ಇನ್ನೂ ಹಿಗ್ಗಿಸಿದವು. ಅಡಿಕೆ ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಪೆಟ್ರೋಲಿಗೆ ಅಂತಹ ಯಾವ ವಿನಾಯಿತಿಯೂ ಇಲ್ಲ.

ಭಾರಿ ತಪಾಸಣೆಯ ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯದು. ಕುಶಲ ದುಡಿಮೆ ಅಗ್ಗವಾಗಿರುವ ದೇಶವೇ ಆ ಕೆಲಸವನ್ನು ಹೊರಗೆ ಕಳುಹಿಸುವುದೇಕೆಂಬುದು ಸಹಜ ಪ್ರಶ್ನೆ. ಉತ್ತರದ ಒಂದು ಭಾಗ ಸರ್ಕಾರದ ನೀತಿಯಲ್ಲಿದೆ. 2020ರ ಮಾರ್ಚ್‌ವರೆಗೂ ದೇಶದೊಳಗೆ ನಡೆಯುವ ವಿಮಾನ ದುರಸ್ತಿಗೆ ಶೇಕಡಾ 18ರಷ್ಟು ಜಿಎಸ್‌ಟಿ ಇತ್ತು. ಆ ವರ್ಷದ ಏಪ್ರಿಲ್‌ನಿಂದ ಅದು ಶೇಕಡಾ 5ಕ್ಕೆ ಇಳಿಯಿತು. ಬಿಡಿಭಾಗಗಳ ಆಮದಿಗೆ ಒಂದೇ ದರ ಬಂದದ್ದು 2024ರ ಜುಲೈಯಲ್ಲಿ. ಮತ್ತೊಂದು ಭಾಗ ನಿಧಾನಗತಿ. 2005ರ ಸುಮಾರಿಗೆ 68 ಬೋಯಿಂಗ್ ವಿಮಾನಗಳನ್ನು ಕೊಳ್ಳುವಾಗಲೇ ನಾಗಪುರದಲ್ಲಿ ದುರಸ್ತಿ ಕೇಂದ್ರ ಕಟ್ಟಿಕೊಡುವ ಮಾತಾಗಿತ್ತು. ಅದು ಉದ್ಘಾಟನೆಯಾದದ್ದು 2015ರಲ್ಲಿ.

ಈಗ ಗಾಳಿ ದಿಕ್ಕು ಬದಲಿಸುತ್ತಿದೆ. ಸಿಂಗಪುರದ ಎಸ್‌ಐಎ ಎಂಜಿನಿಯರಿಂಗ್ ಸಂಸ್ಥೆಯ ಸಹಯೋಗದಲ್ಲಿ ಏರ್ ಇಂಡಿಯಾದ ನಿರ್ವಹಣಾ ಕೇಂದ್ರಕ್ಕೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2024ರಲ್ಲಿ ಶಂಕುಸ್ಥಾಪನೆ ನಡೆಯಿತು. ಇಂಡಿಗೋ ಕೂಡ ಅಲ್ಲಿಯೇ ತನ್ನ ಕೇಂದ್ರ ಕಟ್ಟಲು ಮುಂದಾಗಿದೆ. ಖಾಲಿ ಹಾರಾಟ ತಪ್ಪುವುದಾದರೆ ಇದು ಸ್ವಾಗತಾರ್ಹವೇ. ಆದರೆ ಸ್ವಾಗತದ ಉತ್ಸಾಹದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು.

ಮೊದಲನೆಯದು ನೆಲ. ಏರ್ ಇಂಡಿಯಾದ ಈ ಕೇಂದ್ರಕ್ಕೆ ನಿಗದಿಯಾದ ಜಾಗ 35 ಎಕರೆ. ಇತ್ತ ಅದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ‘ಏರೋಸ್ಪೇಸ್ ಪಾರ್ಕ್’ ಹೆಸರಿನಲ್ಲಿ 13 ಹಳ್ಳಿಗಳ 1,777 ಎಕರೆ ಕೃಷಿಭೂಮಿಯನ್ನು ವಶಪಡಿಸಿಕೊಳ್ಳಲು ಸರ್ಕಾರ ಹೊರಟಿತ್ತು. ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತ ಮೇಲೆ, 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಪ್ರಸ್ತಾವವನ್ನು ಕೈಬಿಟ್ಟರು. ಕಾರ್ಖಾನೆಗಳ ಪಾರ್ಕೂ ದುರಸ್ತಿಯ ಹ್ಯಾಂಗರೂ ಒಂದೇ ಅಲ್ಲ, ನಿಜ. ಆದರೂ ವಿಮಾನದ ಹೆಸರು ಹೇಳಿ ಎಕರೆಗಟ್ಟಲೆ ಹೊಲ ಕೇಳುವವರಿಗೆ, ವಿಮಾನ ರಿಪೇರಿಗೆ ನಿಜವಾಗಿ ಬೇಕಾಗುವ ನೆಲ ಎಷ್ಟೆಂದು ಗ್ರಾಮಸಭೆಗಳು ಕೇಳಲೇಬೇಕು.

ಎರಡನೆಯದು ನೀರು. ಕೆಲಸದೊಡನೆ ಅದರ ಕೊಳೆಯೂ ಮನೆಗೆ ಬರುತ್ತದೆ. ಹಳೆಯ ಬಣ್ಣ ಕರಗಿಸಲು ವಿಷಕಾರಿ ದ್ರಾವಕಗಳು ಬೇಕು. ತುಕ್ಕು ತಡೆಯುವ ಒಳಬಣ್ಣದಲ್ಲಿ ಕ್ಯಾನ್ಸರ್‌ಕಾರಕ ಕ್ರೋಮಿಯಂ ಇರುತ್ತದೆ; ಕೆಲವು ಬಿಡಿಭಾಗಗಳಿಗೆ ಕ್ಯಾಡ್ಮಿಯಂ ಲೇಪನವಿರುತ್ತದೆ. ಇಷ್ಟು ಕಾಲ ಈ ತೊಳೆನೀರು ಪರದೇಶದವರ ತಲೆನೋವಾಗಿತ್ತು. ಕ್ರೋಮಿಯಂ ಅಂತರ್ಜಲಕ್ಕಿಳಿದರೆ ಏನಾಗುತ್ತದೆಂದು ತಿಳಿಯಲು ಬೆಂಗಳೂರಿನವರು ದೂರ ಹೋಗಬೇಕಿಲ್ಲ, ಪೀಣ್ಯದ ಕೊಳವೆಬಾವಿಗಳು ಸಾಕು. ದೇವನಹಳ್ಳಿಯ ಬಯಲಿನಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಅಲ್ಲಿ ಉಳಿದಿರುವುದು ಕೆರೆ ಮತ್ತು ಕೊಳವೆಬಾವಿ. ಆ ಕೊರತೆ ತುಂಬಲೆಂದೇ ಸಕಲೇಶಪುರದ ಕಾಡು ಸೀಳಿ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸಲಾಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತ ಚಾಲನೆ ಪಡೆದ ಆ ಯೋಜನೆಯ ಫಲಾನುಭವಿಗಳಲ್ಲಿ ದೇವನಹಳ್ಳಿ ಇರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯೂ ಒಂದು.

ಆದ್ದರಿಂದ ಹ್ಯಾಂಗರಿನ ತೊಳೆನೀರು ಹೊರಗೆ ಹರಿಯದೆ ಅಲ್ಲಿಯೇ ಶುದ್ಧಗೊಂಡು ಮರುಬಳಕೆಯಾಗಬೇಕು. ಅದರ ಪರೀಕ್ಷಾ ವರದಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸುತ್ತಲಿನ ಪಂಚಾಯಿತಿಗಳಿಗೆ ಕನ್ನಡದಲ್ಲಿ ಕೊಡಬೇಕು. ವಿಮಾನ ಸಂಸ್ಥೆಗಳು ವರ್ಷಕ್ಕೆ ಎಷ್ಟು ಬಾರಿ ಖಾಲಿ ಹಾರಿದವು, ಎಷ್ಟು ಇಂಧನ ಸುಟ್ಟವು ಎಂಬುದನ್ನು ಪ್ರಕಟಿಸಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಂದು ಆದೇಶ ಹೊರಡಿಸಿದರೆ ಸಾಕು. ಅದಕ್ಕೆ ಹೊಸ ಹ್ಯಾಂಗರೂ ಬೇಡ, ಒಂದು ಎಕರೆ ಹೊಲವೂ ಬೇಡ.