ಚಾರ್ಮಾಡಿ ಘಾಟಿಯಲ್ಲಿ ವಾಹನ ನಿಲುಗಡೆಗೆ ಜಾಗ ಗೊತ್ತುಪಡಿಸಲು ಕೋರಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಚಿಕ್ಕಮಗಳೂರು.

ಮಾನ್ಯರೇ,

ರಾಷ್ಟ್ರೀಯ ಹೆದ್ದಾರಿ 73 ಕೊಟ್ಟಿಗೆಹಾರ ದಾಟಿ ಚಾರ್ಮಾಡಿಗೆ ಇಳಿಯುವಲ್ಲಿ, ಮಳೆಗಾಲ ಬಂತೆಂದರೆ ತಿರುವು ತಿರುವಿಗೂ ಝರಿ. ನಿಂತು ನೋಡಬೇಕೆನಿಸುವುದು ಸಹಜ. ದಿನಾ ಓಡಾಡುವ ನಮಗೂ ಅನಿಸುತ್ತದೆ. ಆದರೆ ರಜಾದಿನಗಳಲ್ಲಿ ಕಡಿದಾದ ತಿರುವಿನಲ್ಲೇ ಕಾರು ನಿಲ್ಲಿಸಿ, ರಸ್ತೆಯ ಕಡೆಗೇ ಬಾಗಿಲು ತೆರೆದು ಫೋಟೊ ತೆಗೆಯುತ್ತಾರೆ. ಉದ್ದದ ಬಸ್ಸು ತಿರುಗಲು ಎದುರು ಬದಿಯ ರಸ್ತೆಯೂ ಬೇಕು. ಅಲ್ಲೊಂದು ಕಾರು ನಿಂತರೆ ಮೇಲೂ ಕೆಳಗೂ ಗಾಡಿಗಳ ಸಾಲು. ಮೂಡಿಗೆರೆ ಕಡೆಯಿಂದ ಮಂಗಳೂರಿನ ಆಸ್ಪತ್ರೆಗೆ ಹೊರಟ ಆಂಬುಲೆನ್ಸಿಗೂ ಇದೇ ದಾರಿ.

ಬರೀ ‘ನಿಲ್ಲಿಸಬೇಡಿ’ ಎಂಬ ಬೋರ್ಡನ್ನು ಯಾರೂ ಲೆಕ್ಕಿಸುವುದಿಲ್ಲ. ಎಲ್ಲಿ ನಿಲ್ಲಿಸಬಹುದು ಎಂದೂ ತಿಳಿಸಬೇಕು. ಈಗಾಗಲೇ ಅಗಲವಿರುವ, ಎರಡೂ ಕಡೆಯಿಂದ ಕಾಣುವ ನೇರ ಜಾಗಗಳನ್ನು ಮಾತ್ರ ಗುರುತಿಸಿ ನಿಲುಗಡೆಗೆ ಬಿಡಬೇಕು, ತಿರುವುಗಳಲ್ಲಿ ಪೂರ್ತಿ ನಿಷೇಧಿಸಬೇಕು ಎಂಬುದು ನಮ್ಮ ಮುಖ್ಯ ಬೇಡಿಕೆ. 2019ರ ಆಗಸ್ಟ್ ಮಳೆಗೆ ಈ ಘಾಟಿ ಹಲವೆಡೆ ಕುಸಿದು ಸಂಚಾರ ನಿಂತದ್ದು ತಮಗೆ ತಿಳಿದೇ ಇದೆ. ಪಾರ್ಕಿಂಗ್ ಹೆಸರಿನಲ್ಲಿ ಗುಡ್ಡದ ಬುಡ ಅಗೆಯುವುದಾದರೆ ನಮಗೆ ಪಾರ್ಕಿಂಗೇ ಬೇಡ.

ಮಳೆಗಾಲದ ಶನಿವಾರ, ಭಾನುವಾರಗಳಲ್ಲಿ ಪೊಲೀಸ್ ಗಸ್ತು ಇರಲಿ. ಮಂಜಿನಲ್ಲಿ ರಸ್ತೆಯ ಅಂಚು ಕಾಣುವಂತೆ ಬಿಳಿ ಪಟ್ಟಿ ಬಳಿದು ರಿಫ್ಲೆಕ್ಟರ್ ಹಾಕಿಸಿ, ಮೇ ಮುಗಿಯುವುದರೊಳಗೆ ಚರಂಡಿಯ ಮಣ್ಣು ತೆಗೆಸಬೇಕು. ಕಿರಿದಾದ ಘಾಟಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕೆಂಬ ನಿಯಮ ಹೊಸಬರಿಗೆ ಗೊತ್ತೇ ಇರುವುದಿಲ್ಲ. ಎರಡೂ ತುದಿಯಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಬರೆಸಿ.

ಘಾಟಿಯ ಕೆಳಭಾಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿರುವುದರಿಂದ, ಮಳೆಗೆ ರಸ್ತೆ ಮುಚ್ಚಬೇಕಾಗಿ ಬಂದರೆ ಅದರ ಆದೇಶ ಎರಡೂ ಜಿಲ್ಲೆಗಳಿಂದ ಒಟ್ಟಿಗೇ ಹೊರಡಬೇಕು. ಅದರ ಸೂಚನೆಯನ್ನು ಮೂಡಿಗೆರೆ ಮತ್ತು ಉಜಿರೆಯಲ್ಲೇ ಹಾಕಿದರೆ ಚಾಲಕರು ಅಲ್ಲಿಂದಲೇ ಶಿರಾಡಿ ಘಾಟಿಯ ದಾರಿ ಹಿಡಿಯಬಹುದು. ಕೊಟ್ಟಿಗೆಹಾರದವರೆಗೆ ಬಂದ ಮೇಲೆ ತಡೆದರೆ ಡೀಸೆಲ್ಲೂ ದಂಡ, ದಿನವೂ ದಂಡ.

ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ಮಳೆಗೆ ಮುನ್ನ ಸ್ಥಳ ಪರಿಶೀಲನೆ ನಡೆಸಬೇಕೆಂದು, ಆ ದಿನ ಬಸ್ ಮತ್ತು ಆಂಬುಲೆನ್ಸ್ ಚಾಲಕರನ್ನೂ ಕರೆಯಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಕೊಟ್ಟಿಗೆಹಾರ, ಬಣಕಲ್ ಭಾಗದ ವಾಹನ ಚಾಲಕರು ಹಾಗೂ ನಿವಾಸಿಗಳು

ಪ್ರತಿ: ಜಿಲ್ಲಾಧಿಕಾರಿಗಳು, ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು