ಕಣ್ಣೆದುರು ಕೊಯ್ದ ಮಾತ್ರಕ್ಕೆ ತಾಜಾ ಆಗೋದಿಲ್ಲ

ಪಲ್ಲಡದ ಕಡೆ ಭಾನುವಾರ ಕೋಳಿ ಅಂಗಡಿ ಮುಂದೆ ನಿಂತವರೆಲ್ಲ ಒಂದೇ ಮಾತು ಆಡುತ್ತಾರೆ: "ನಮ್ಮ ಕಣ್ಣೆದುರಿಗೇ ಕೊಯ್ದು ಕೊಟ್ಟ, ಇದಕ್ಕಿಂತ ತಾಜಾ ಬೇಕಾ?" ಈ ಮಾತನ್ನು ನಾನು ಒಪ್ಪೋದಿಲ್ಲ. ಕೊಯ್ದ ಗಳಿಗೆಯಲ್ಲಿ ಎಲ್ಲ ಬಾಡೂ ತಾಜಾನೇ. ಆಮೇಲಿನ ಒಂದು ಗಂಟೆ ಅದನ್ನು ಹೇಗೆ ಇಟ್ಟೆವು ಅನ್ನೋದು ಮುಖ್ಯ. ನಮ್ಮ ತಾತಂದಿರಿಗೆ ಇದು ಗೊತ್ತಿತ್ತು. ಮನೆಯಲ್ಲಿ ಫ್ರಿಜ್ ಇರುವ ನಮಗೆ ಗೊತ್ತಿಲ್ಲ.

ತಾತಂದಿರು ಹೊಲದ ಬೇಲಿಗಳಲ್ಲಿ ಮೊಲ, ಗೌಜಲಕ್ಕಿ ಹಿಡಿಯುತ್ತಿದ್ದವರು. ಬೇಟೆಯನ್ನು ಹೊಗಳೋಕೆ ನಾನು ಬಂದಿಲ್ಲ, ಮೇಷ್ಟ್ರುಗಳು ಗಾಬರಿಯಾಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಅವನ್ನು ಹೊಡೆಯೋದು ಅಪರಾಧ. 1991ರ ತಿದ್ದುಪಡಿ ಆದಮೇಲೆ ಲೈಸೆನ್ಸಿನ ದಾರಿಯೂ ಮುಚ್ಚಿತು. ಮುಚ್ಚಿದ್ದು ಸರಿಯೇ. ಈಗಲೂ ರಾತ್ರಿ ಟಾರ್ಚ್ ಹಿಡಿದು ಮೊಲಕ್ಕೆ ಹೋಗುವ ಹುಡುಗರ ಪರ ನಾನು ಒಂದು ಮಾತೂ ಆಡೋದಿಲ್ಲ. ಆದರೆ ಬೇಟೆ ನಿಂತಿತು ಅಂತ ಬೇಟೆಗಾರನ ಕೈಕೆಲಸವನ್ನೂ ಹೂಳಬೇಕಾ?

ಕತ್ತಿರಿ ವೆಯಿಲ್ ಅಂತ ತಮಿಳರು ಕರೆಯುವ ಆ ಸುಡು ಬಿಸಿಲಿನಲ್ಲಿ ನಮ್ಮ ತಾತ ಹೇಗೆ ಮಾಡುತ್ತಿದ್ದರು ಅಂತ ಮನೆಯಲ್ಲಿ ಹೇಳುತ್ತಿದ್ದರು. ಮೊಲ ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಕರುಳು ತೆಗೆಯೋದು. ಪಿತ್ತ ಒಡೆಯದ ಹಾಗೆ, ಕರುಳು ತೂತಾಗದ ಹಾಗೆ. ಊರಿಗೆ ಬಂದು ಮಾಡೋಣ ಅನ್ನೋ ಮಾತೇ ಇಲ್ಲ. ನೀರು ಸುರಿಯೋದಿಲ್ಲ, ಒಣಹುಲ್ಲಲ್ಲಿ ಒರೆಸೋದು. ಮೂರು ನಾಲ್ಕು ಸಿಕ್ಕರೆ ಒಂದೇ ಚೀಲಕ್ಕೆ ತುರುಕೋದಿಲ್ಲ, ಕೋಲಿಗೆ ಬಿಡಿಬಿಡಿಯಾಗಿ ಕಟ್ಟಿ ನೆರಳಲ್ಲಿ ಗಾಳಿಗೆ ಬಿಡೋದು. ಬಿಸಿಲೇರುವ ಮುಂಚೆ ಮನೆ, ಮಧ್ಯಾಹ್ನಕ್ಕೆ ಒಲೆ. ಉಳಿದದ್ದನ್ನು ತೆಳ್ಳಗೆ ಸೀಳಿ ಉಪ್ಪು, ಅರಿಶಿನ ಸವರಿ ದಾರಕ್ಕೆ ಪೋಣಿಸಿ ಒಣಗಿಸೋದು. ತಮಿಳರು ಉಪ್ಪುಕ್ಕಂಡಂ ಅನ್ನೋದು ಇದನ್ನೇ. ದಪ್ಪ ತುಂಡಾದರೆ ಒಳಗೆ ಕೊಳೆಯುತ್ತೆ, ಅದಕ್ಕೇ ತೆಳ್ಳಗೆ.

ಇದರಲ್ಲಿ ಮಂತ್ರ ಏನೂ ಇಲ್ಲ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ. ಸತ್ತ ಮೇಲೆ ಆ ಬಿಸಿ ತಾನಾಗಿ ಹೋಗೋದಿಲ್ಲ, ಅದರಲ್ಲೂ ಹೊರಗೆ 38, 40 ಇರುವಾಗ. ಕ್ರಿಮಿಗಳು 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಬೆಳೀತವೆ, ಹಿತವಾದ ಬಿಸಿ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತೆ. ಒಂದು ಗಂಟೆಗೆ ಎಂಟು, ಎರಡು ಗಂಟೆಗೆ ಅರವತ್ತನಾಲ್ಕು. ಮೇಷ್ಟ್ರುಗಳೇ, ಈ ಲೆಕ್ಕವನ್ನು ಬೋರ್ಡಿನ ಮೇಲೆ ಒಂದು ಸಾರಿ ಹಾಕಿ ತೋರಿಸಿ. ಮಕ್ಕಳು ಮನೆಗೆ ಹೋಗಿ ಅಪ್ಪನನ್ನು ಕೇಳುತ್ತಾರೆ.

ಅಪ್ಪ ಮಾಡೋದೇನು? ಬೆಳಗ್ಗೆ ಒಂಬತ್ತಕ್ಕೆ ಒಂದು ಕಿಲೋ ತಗೊಂಡು ಕಪ್ಪು ಪ್ಲಾಸ್ಟಿಕ್ ಕವರಿಗೆ ಗಂಟು ಹಾಕಿ ಟಿವಿಎಸ್ ಗಾಡಿಯ ಹ್ಯಾಂಡಲ್‌ಗೆ ನೇತುಹಾಕುತ್ತಾನೆ. ಆಮೇಲೆ ಸಂತೆ, ಆಮೇಲೆ ಟೀ ಅಂಗಡಿ, ಅಲ್ಲಿ ರಾಜಕೀಯ. ಬಾಡು ಬಿಸಿ ಕವರಿನೊಳಗೆ ಬೆವರುತ್ತಾ ತೂಗಾಡುತ್ತಿರುತ್ತೆ. ತಾತ ಗಾಳಿಗೆ ಬಿಟ್ಟರು, ಇವನು ಗಾಳಿ ಕಟ್ಟಿದ. ಮನೆಗೆ ಬಂದ ಮೇಲೆ ಆ ಗಂಟನ್ನೇ ಹಾಗೇ ಫ್ರಿಜ್ಜಿಗೆ ತುರುಕಿದರೆ ನಡುವಿನ ಬಿಸಿ ಬೇಗ ಇಳಿಯೋದಿಲ್ಲ. ಕರೆಂಟ್ ಹೋದರೆ ಕೇಳಲೇಬೇಡಿ.

"ಚೆನ್ನಾಗಿ ಬೇಯಿಸಿದರೆ ಆಯ್ತಲ್ಲ" ಅಂತ ವಾದ ಬರುತ್ತೆ. ಪೂರ್ತಿ ಆಗೋದಿಲ್ಲ. ಬೇಯಿಸಿದರೆ ಕ್ರಿಮಿ ಸಾಯುತ್ತೆ, ನಿಜ. ಆದರೆ ಸ್ಟ್ಯಾಫಿಲೊಕಾಕಸ್ ಅನ್ನೋ ಜಾತಿಯದ್ದು ಬೆಳೆಯುವಾಗ ಬಿಟ್ಟ ವಿಷ ಕುದಿಸಿದರೂ ಹೋಗೋದಿಲ್ಲ. ಅರಿಶಿನ ಹಾಕಿ ಮೂರು ನೀರಲ್ಲಿ ತೊಳೆದರೂ ಹೋಗೋದಿಲ್ಲ. ಜೋರಾಗಿ ತೊಳೆದರೆ ಸಿಡಿದ ನೀರು ಪಕ್ಕದ ಕೊತ್ತಂಬರಿ ಸೊಪ್ಪಿನ ಮೇಲೆ ಬೀಳುತ್ತೆ ಅಷ್ಟೆ, ಆ ಸೊಪ್ಪನ್ನು ನಾವು ಹಸಿಯಾಗೇ ಉದುರಿಸುತ್ತೇವೆ.

ನನಗೆ ಕೋಪ ಬರೋದು ಎಲ್ಲಿ ಅಂದರೆ, ಇದು ಬೇರೆ ಊರಲ್ಲ, ಪಲ್ಲಡ. ಬ್ರಾಯ್ಲರ್ ಸಮನ್ವಯ ಸಮಿತಿ ಇಲ್ಲೇ ಕೂತು ತಮಿಳುನಾಡಿಗೆಲ್ಲ ಕೋಳಿ ದರ ಹೇಳುತ್ತೆ. ಕಂಪನಿ ಮರಿ, ಮೇವು ಕೊಟ್ಟು, ನಾವು ಶೆಡ್ಡಿನಲ್ಲಿ ಸಾಕಿ ಕೂಲಿ ತಗೊಳ್ಳುವ ಪದ್ಧತಿ ನಮ್ಮ ಸುತ್ತಮುತ್ತ ಬೇರೂರಿದೆ. ಕೋಳಿ ಶೆಡ್ಡಿನಿಂದ ಹೋಗುವ ಮುಂಚೆ ಕೆಲವು ಗಂಟೆ ಮೇವು ನಿಲ್ಲಿಸಬೇಕು, ಕರುಳು ಖಾಲಿ ಇದ್ದರೆ ಕೊಯ್ಯುವಾಗ ಹೊಲಸು ಮಾಂಸಕ್ಕೆ ತಾಗೋದು ಕಡಿಮೆ ಅಂತ ಸಾಕುವವರಿಗೆ ಗೊತ್ತು. ತಾತ ಕರುಳು ಜೋಪಾನವಾಗಿ ತೆಗೆದದ್ದೂ ಅದಕ್ಕೇ. ಇಷ್ಟು ಗೊತ್ತಿರುವ ಊರಿನವರು ಬೆಳಗ್ಗೆ ಎದ್ದು ದರ ಎಷ್ಟು ಅಂತ ಮೊದಲು ಕೇಳುತ್ತೇವೆ, ಬಾಡಿನ ತಟ್ಟೆ ಕೆಳಗೆ ಐಸ್ ಇದೆಯಾ ಅಂತ ಕೇಳೋದಿಲ್ಲ. ನೂರು ಗ್ರಾಂ ಕಡಿಮೆ ತೂಗಿದರೆ ಬೀದಿ ಜಗಳ. ಬಿಸಿಲಲ್ಲಿ ನೊಣ ಕೂತ ಬಾಡಿಗೆ ಮಾತ್ರ ಮೌನ.

ಕೋಳಿ ಅಂಗಡಿಗೆ ಸಂತೆಯ ಕೊನೆಯಲ್ಲಿ ಹೋಗಿ, ಮೊದಲಲ್ಲ. ಮುಚ್ಚಳದ ಸ್ಟೀಲ್ ಡಬ್ಬ ತಗೊಂಡು ಹೋಗಿ, ಅದನ್ನು ಐಸ್ ತುಂಡು ಹಾಕಿದ ಚೀಲದಲ್ಲಿಡಿ. ಅಂಥ ಬಿಸಿಲಲ್ಲಿ ಒಂದು ಗಂಟೆಯೊಳಗೆ ಒಲೆಗೋ ಫ್ರಿಜ್ಜಿಗೋ ಸೇರಬೇಕು. ಫ್ರಿಜ್ಜಿಗಾದರೆ ಗುಪ್ಪೆ ಹಾಕಬೇಡಿ, ಅಗಲ ಪಾತ್ರೆಯಲ್ಲಿ ಹರಡಿ, ಕೆಳಗಿನ ಅರೆಯಲ್ಲಿ. ಇನ್ನು ಹಬ್ಬದ ಅಡುಗೆಗೆ ಐವತ್ತು ಕಿಲೋ ರಾತ್ರಿಯೇ ಕೊಯ್ಸಿ ಗೋಣಿಚೀಲದಲ್ಲಿ ತರಿಸುವ ಯಜಮಾನರಿದ್ದಾರಲ್ಲ, ಈ ವರ್ಷ ಅವರು ಬೆಳಗ್ಗೆ ಅಡುಗೆಯವರು ಒಲೆ ಹಚ್ಚಿದ ಮೇಲೆ ಕೊಯ್ಸಲಿ. ಆಗಲ್ಲ ಅನ್ನೋದಾದರೆ ಐಸ್ ಪೆಟ್ಟಿಗೆಗೆ ದುಡ್ಡು ಕೊಡಲಿ, ಪಟಾಕಿ ಬಾಬತ್ತಿನಿಂದ ತೆಗೆದು.